ಈ ಬಾಕಿ ಯಾರದು?

ಬ್ರಿಟನ್ನಿನಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೇ, ಈ ಮಾತು ನಿಮಗೆ. ಇರುವುದು ಒಂದೇ ಮನೆಯಾದರೂ ಸರಿ, ಮಗಳ ಓದಿಗೊಂದು, ನಿವೃತ್ತಿಗೊಂದು ಎಂದು ಐದಾರು ಮಾಡಿಕೊಂಡಿದ್ದರೂ ಸರಿ. ಅದರಲ್ಲೊಂದು ಮನೆಯವರು ಎರಡು ತಿಂಗಳಿಂದ ಪೂರ್ತಿ ಬಾಡಿಗೆ ಕಟ್ಟಿಲ್ಲ. ಅವರ ಸಂಸಾರ ಸಾಗುವುದು ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಹಣದಲ್ಲಿ. ಏಜೆಂಟ್ ನೋಟಿಸು ಸಿದ್ಧಮಾಡಿ, ‘ಮುಂದುವರಿಯಲೇ?’ ಎಂದು ಇಮೇಲ್ ಕಳಿಸಿದ್ದಾನೆ. ‘ಹೂಂ’ ಅಂದರೆ ಸಾಕು, ಉಳಿದದ್ದು ತಾನಾಗಿ ಸಾಗುತ್ತದೆ. ಆ ‘ಹೂಂ’ ಬರೆಯುವ ಮೊದಲು ಅವರ ಜೊತೆ ಕೂತು ಒಂದು ಲೆಕ್ಕ ಹಾಕಿ ಎಂದು ಕೇಳಲು ಬಂದಿದ್ದೇನೆ. ಲೆಕ್ಕ ನಮಗೇನು ಹೊಸತಲ್ಲ. ಮಾರ್ಟ್‌ಗೇಜ್ ಬಡ್ಡಿಯನ್ನು ಪೆನ್ಸಿಗೆ ಪೆನ್ಸು ತಿಳಿದವರು ನಾವು.

ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಬಿಸಿಬೇಳೆಬಾತಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ಗಂಡಸರ ಮಾತು ಮನೆ, ಬಡ್ಡಿ, ಬಾಡಿಗೆಗೆ ತಿರುಗುತ್ತದೆ. (ಹೆಂಗಸರದೂ ಈಗ ಹಾಗೇ ಬಿಡಿ.) ಹೊಸದಾಗಿ ಮನೆ ಕೊಂಡವರಿಗೆ ಹಳಬರು ಕೊಡುವ ಮೊದಲ ಬುದ್ಧಿಮಾತು: “ಏನಾದ್ರೂ ಮಾಡಿ ಸರ್, ಬೆನಿಫಿಟ್ಸ್ ಮೇಲಿರೋರಿಗೆ ಮಾತ್ರ ಕೊಡ್ಬೇಡಿ. ದುಡ್ಡು ಬಂದ ದಿನವೇ ಖರ್ಚು ಮಾಡಿ ಕೂತಿರ್ತಾರೆ.” ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸುವವರಲ್ಲಿ ಅರ್ಧದಷ್ಟು ಜನ ಯೂನಿವರ್ಸಲ್ ಕ್ರೆಡಿಟ್ ತೆಗೆದುಕೊಳ್ಳುವವರೊಬ್ಬರ ಜೊತೆಗೂ ಐದು ನಿಮಿಷ ಕೂತು ಮಾತಾಡಿರುವುದಿಲ್ಲ ಎಂದು ನನ್ನ ಅನುಮಾನ.

ಹಾಗೆಂದರೆ ಯಾರು ಅವರು? ಈ ನೆರವು ಪಡೆಯುವ ಸುಮಾರು ಮೂವರಲ್ಲಿ ಒಬ್ಬರು ದುಡಿಯುತ್ತಿರುವವರೇ. ಬೆಳಗಿನ ಐದಕ್ಕೆ ಎದ್ದು ಬಸ್ಸು ಹಿಡಿದು ಆಸ್ಪತ್ರೆಯ ವಾರ್ಡು ಗುಡಿಸುವವರು, ವೃದ್ಧರಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವ ಕೇರರ್‌ಗಳು, ಗೋದಾಮುಗಳಲ್ಲಿ ನಮ್ಮ ಪಾರ್ಸಲ್ ಕಟ್ಟುವವರು. ಉಳಿದವರಲ್ಲಿ ಕಾಯಿಲೆಯವರಿದ್ದಾರೆ, ಅಂಗವಿಕಲರಿದ್ದಾರೆ, ಕೈಗೂಸು ಬಿಟ್ಟು ಹೋಗಲಾರದ ಒಂಟಿ ತಾಯಂದಿರಿದ್ದಾರೆ, ಮೊನ್ನೆ ಕೆಲಸ ಕಳೆದುಕೊಂಡವರಿದ್ದಾರೆ. ನಮ್ಮಲ್ಲಿ ಎಷ್ಟೋ ಮಂದಿ ಡಾಕ್ಟರುಗಳು. ಅದೇ ಮನುಷ್ಯ ಮಂಗಳವಾರ ಕ್ಲಿನಿಕ್ಕಿನಲ್ಲಿ ಎದುರು ಕೂತರೆ ನಾವು ‘ಹೇಗಿದ್ದೀರಿ, ನಿದ್ದೆ ಬರುತ್ತಾ’ ಎಂದು ಕೇಳುತ್ತೇವೆ. ಬುಧವಾರ ಬಾಡಿಗೆ ಅರ್ಜಿಯಲ್ಲಿ ಅವರ ಹೆಸರು ಕಂಡರೆ ಪುಟ ತಿರುಗಿಸುತ್ತೇವೆ.

ಈಗ ಲೆಕ್ಕಕ್ಕೆ ಬರೋಣ.

2013ರಿಂದ ಹಂತಹಂತವಾಗಿ ಬಂದ ಯೂನಿವರ್ಸಲ್ ಕ್ರೆಡಿಟ್ ಆರು ಹಳೆಯ ನೆರವುಗಳನ್ನು ಒಂದಾಗಿ ಕಲಸಿತು. ಮೊದಲಿದ್ದ ಮನೆಬಾಡಿಗೆಯ ನೆರವೂ ಅದರಲ್ಲಿ ಸೇರಿಹೋಯಿತು. ಸಂಬಳದ ನೌಕರಿಯ ಹಾಗೆ ತಿಂಗಳು ಮುಗಿದ ಮೇಲೆ ಹಣ ಬರಲಿ, ಜನ ಜವಾಬ್ದಾರಿ ಕಲಿಯಲಿ ಎಂಬುದು ಅದನ್ನು ಕಟ್ಟಿದವರ ವಾದ. ಅರ್ಜಿ ಹಾಕಿದ ದಿನದಿಂದ ಒಂದು ತಿಂಗಳು ಲೆಕ್ಕದ ಅವಧಿ, ಅದರ ಮೇಲೆ ಒಂದು ವಾರ. ಮೊದಲ ಹಣ ಕೈಗೆ ಬರಲು ಐದು ವಾರ. ಕೆಲಸ ಹೋದದ್ದು ಇಪ್ಪತ್ತೆಂಟನೇ ತಾರೀಖು, ನಿಮ್ಮ ಬಾಡಿಗೆ ಕಟ್ಟಬೇಕಾದದ್ದು ಒಂದನೇ ತಾರೀಖು ಅಂದುಕೊಳ್ಳಿ. ಕೈಯಲ್ಲಿ ಉಳಿತಾಯವಿಲ್ಲದವನಿಗೆ ಆ ತಿಂಗಳ ಬಾಕಿ ತಪ್ಪಿಸಲು ಯಾವ ದಾರಿಯಿದೆ ಹೇಳಿ. ‘ಮುಂಗಡ ಕೊಡ್ತಾರಲ್ಲ’ ಅನ್ನಬಹುದು. ಕೊಡುತ್ತಾರೆ, ಸಾಲವಾಗಿ. ಮುಂದೆ ಎರಡು ವರ್ಷದವರೆಗೆ ತಿಂಗಳು ತಿಂಗಳೂ ಅದನ್ನು ಕತ್ತರಿಸಿಕೊಳ್ಳುತ್ತಾರೆ. ಬಾಕಿಯನ್ನು ನಿಮ್ಮ ಪುಸ್ತಕದಿಂದ ಎತ್ತಿ ಸರ್ಕಾರದ ಪುಸ್ತಕಕ್ಕೆ ಬರೆದ ಹಾಗಾಯಿತು, ಅಷ್ಟೇ. ಹೊಸ ಬದುಕಿನ ಮೊದಲ ದಿನವೇ ಒಂದೋ ಮನೆಯ ಮಾಲೀಕರಿಗೆ ಸಾಲಗಾರ, ಇಲ್ಲವೇ ಸರ್ಕಾರಕ್ಕೆ.

ಇನ್ನೊಂದು ಸಂಗತಿ ಹೇಳುತ್ತೇನೆ. ಇದನ್ನು ಎಷ್ಟೋ ಮಾಲೀಕರು ಕೇಳಿಯೇ ಇಲ್ಲ. ಒಬ್ಬ ಕೇರರ್ ಹೆಂಗಸು ಅಂದುಕೊಳ್ಳಿ, ಇಬ್ಬರು ಮಕ್ಕಳು. ಅವಳ ಕಂಪನಿ ಸಂಬಳ ಕೊಡುವುದು ನಾಲ್ಕು ವಾರಕ್ಕೊಮ್ಮೆ. ವರ್ಷಕ್ಕೆ ಹದಿಮೂರು ಸಂಬಳ. ಯೂನಿವರ್ಸಲ್ ಕ್ರೆಡಿಟ್ ಲೆಕ್ಕ ಹಾಕುವುದು ತಿಂಗಳಿಗೊಮ್ಮೆ, ವರ್ಷಕ್ಕೆ ಹನ್ನೆರಡು ಸಲ. ವರ್ಷದಲ್ಲಿ ಒಂದು ಅವಧಿಗೆ ಎರಡು ಸಂಬಳ ಬಂದು ಬಿದ್ದೇ ಬೀಳುತ್ತವೆ. ಕಂಪ್ಯೂಟರಿಗೆ ಆ ತಿಂಗಳು ಅವಳು ಇದ್ದಕ್ಕಿದ್ದಂತೆ ಸಿರಿವಂತೆ. ಒಂದು ಮಿತಿ ದಾಟಿದ ಮೇಲೆ ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ನೆರವು ಕತ್ತರಿಸುವ ನಿಯಮವಿದೆ. ಎರಡು ಸಂಬಳ ಸೇರಿದಾಗ ಆ ಕತ್ತರಿ ನೆರವಿನ ಬಹುಪಾಲನ್ನು, ಕೆಲವೊಮ್ಮೆ ಇಡಿಯಾಗಿ, ಕತ್ತರಿಸಿ ಹಾಕುತ್ತದೆ. ಮನೆಬಾಡಿಗೆಯ ಪಾಲೂ ಅದರ ಜೊತೆ ಹೋಯಿತು. ಎರಡನೆಯ ಸಂಬಳ ಬಂದದ್ದು ತಿಂಗಳ ಕೊನೆಗೆ, ಅದು ಮುಂದಿನ ನಾಲ್ಕು ವಾರದ ಊಟಕ್ಕೆ. ನೆರವು ನಿಂತದ್ದು ಗೊತ್ತಾಗುವುದು ಅದರ ಮುಂದಿನ ವಾರ. ನಿಮ್ಮ ಖಾತೆಗೆ ಆ ತಿಂಗಳು ಅರ್ಧ ಬಾಡಿಗೆ ಬರುತ್ತದೆ. “ನೋಡಿ, ಶುರು ಮಾಡಿದಳು” ಅನ್ನುತ್ತಾನೆ ಏಜೆಂಟ್.

ಅವಳು ಶುರು ಮಾಡಿದ್ದು ಏನು? ಅವಳು ಒಂದು ಪಾಳಿಯನ್ನೂ ತಪ್ಪಿಸಿಲ್ಲ.

ತಿಂಗಳ ಸಂಬಳದವರದೂ ಇಂಥದೇ ಗೋಳಿತ್ತು. ಸಂಬಳದ ದಿನ ಭಾನುವಾರವೋ ರಜೆಯೋ ಆಗಿ ಎರಡು ದಿನ ಮೊದಲೇ ಜಮಾ ಆದರೆ ಒಂದೇ ಅವಧಿಗೆ ಎರಡು ಸಂಬಳ. ನಾಲ್ವರು ಒಂಟಿ ತಾಯಂದಿರು ಇದರ ವಿರುದ್ಧ ಕೋರ್ಟಿಗೆ ಹೋದರು. 2020ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಈ ಲೆಕ್ಕವನ್ನು ವಿವೇಕವಿಲ್ಲದ್ದು ಎಂದು ತೀರ್ಪು ಕೊಟ್ಟಿತು, ಸರ್ಕಾರ ನಿಯಮ ತಿದ್ದಬೇಕಾಯಿತು. ನಾಲ್ಕು ವಾರದ ಸಂಬಳದವರಿಗೆ ಆ ತಿದ್ದುಪಡಿ ತಲುಪಲಿಲ್ಲ.

ಇವೆಲ್ಲ ಸರಿಯಾಗಿ ನಡೆದ ತಿಂಗಳಲ್ಲೂ ಬಾಡಿಗೆಯ ನೆರವು ಬಾಡಿಗೆಯಷ್ಟು ಇರುವುದಿಲ್ಲ. ಖಾಸಗಿ ಮನೆಗಳಲ್ಲಿ ಇರುವವರಿಗೆ ಲೋಕಲ್ ಹೌಸಿಂಗ್ ಅಲೊವೆನ್ಸ್ ಎಂಬ ಮಿತಿಯಿದೆ. 2008ರಲ್ಲಿ ಅದು ಬಂದಾಗ ಆಯಾ ಸೀಮೆಯ ಬಾಡಿಗೆಗಳ ನಟ್ಟನಡುವಿನ ಮೊತ್ತಕ್ಕೆ ಕಟ್ಟಿದ್ದರು, ಅರ್ಧದಷ್ಟು ಮನೆಗಳು ಕೈಗೆಟುಕಬೇಕು ಎಂಬ ಲೆಕ್ಕ. 2011ರಲ್ಲಿ ಅದನ್ನು ಅಗ್ಗದ ಹತ್ತರಲ್ಲಿ ಮೂರು ಮನೆಗಳ ಮಟ್ಟಕ್ಕೆ ಇಳಿಸಿದರು. 2016ರಿಂದ ನಾಲ್ಕು ವರ್ಷ ಅಲ್ಲಾಡದಂತೆ ಹಿಡಿದಿಟ್ಟರು. ಕೋವಿಡ್ ಬಂದಾಗ ಏರಿಸಿ, ಮತ್ತೆ ಹಿಡಿದಿಟ್ಟು, 2024ರ ಏಪ್ರಿಲ್‌ನಲ್ಲಿ ಏರಿಸಿ, 2025ರಲ್ಲಿ ಮತ್ತೆ ಹಿಡಿದಿಟ್ಟರು. ಅದರ ಹಿಂದಿರುವ ಬಾಡಿಗೆಯ ಅಂಕಿಗಳು 2023ರ ಸೆಪ್ಟೆಂಬರಿಗೆ ನಿಂತುಹೋಗಿವೆ. ನಮ್ಮ ಬಾಡಿಗೆ ಅಲ್ಲಿಗೆ ನಿಂತಿದೆಯೇ? ನಿಮ್ಮ ಏಜೆಂಟ್ ವರ್ಷಕ್ಕೊಮ್ಮೆ ‘ಮಾರ್ಕೆಟ್ ರೇಟ್’ ಹೆಸರಲ್ಲಿ ಕಳಿಸುವ ಪತ್ರ ನೆನಪಿಸಿಕೊಳ್ಳಿ.

ಲೆಕ್ಕಕ್ಕಾಗಿ ಒಂದು ಉದಾಹರಣೆ. ನಿಮ್ಮ ಮನೆಯ ಬಾಡಿಗೆ 850 ಪೌಂಡ್, ಆ ಸೀಮೆಯ ಮಿತಿ 700. ನೂರೈವತ್ತರ ಕೊರತೆ. ಇಪ್ಪತ್ತೈದು ದಾಟಿದ ಒಂಟಿ ಮನುಷ್ಯನಿಗೆ ಊಟ, ಬಟ್ಟೆ, ಗ್ಯಾಸು, ಕರೆಂಟು, ಫೋನು, ಬಸ್ಸು ಎಲ್ಲಕ್ಕೂ ಸೇರಿ 2025–26ರಲ್ಲಿ ಯೂನಿವರ್ಸಲ್ ಕ್ರೆಡಿಟ್ ಕೊಡುತ್ತಿದ್ದ ಮೂಲ ಮೊತ್ತ ತಿಂಗಳಿಗೆ 400 ಪೌಂಡ್ 14 ಪೆನ್ಸ್. ಅದರಲ್ಲಿ ನಿಮಗೆ ನೂರೈವತ್ತು. ಹಳೆಯ ಮುಂಗಡದ ಕಂತು ಇಪ್ಪತ್ತೋ ಮೂವತ್ತೋ. ಉಳಿದದ್ದನ್ನು ಮೂವತ್ತು ದಿನಕ್ಕೆ ಭಾಗಿಸಿ. ಚಳಿಗಾಲದ ಒಂದು ದಿನ ನಿಮ್ಮ ಸ್ವಂತ ಮನೆಯ ಸ್ಮಾರ್ಟ್ ಮೀಟರ್ ತೋರಿಸುವ ಅಂಕಿಯನ್ನು ಅದರ ಪಕ್ಕ ಬರೆಯಿರಿ.

ಮಕ್ಕಳಿರುವ ಕುಟುಂಬಗಳಿಗೆ ಮೇಲೊಂದು ಮುಚ್ಚಳವೂ ಇದೆ. ಕೆಲಸವಿಲ್ಲದ ಅಥವಾ ತೀರ ಕಡಿಮೆ ದುಡಿಯುವ ಕುಟುಂಬಕ್ಕೆ ಎಲ್ಲ ನೆರವೂ ಸೇರಿ ವರ್ಷಕ್ಕೆ ಇಷ್ಟನ್ನು ಮೀರಬಾರದು ಎಂದು 2013ರಲ್ಲಿ 26,000 ಪೌಂಡಿನ ಮಿತಿ ಹಾಕಿದರು. 2016ರಲ್ಲಿ ಅದನ್ನೂ ಇಳಿಸಿದರು. 2023ರಲ್ಲಿ ಏರಿಸಿದ ಮೇಲೂ ಅದು ಲಂಡನ್ನಿನಲ್ಲಿ 25,323, ಹೊರಗೆ 22,020. ಹತ್ತು ವರ್ಷದಲ್ಲಿ ಹಾಲು, ಬ್ರೆಡ್ಡು, ಬಾಡಿಗೆ ಎಲ್ಲಿಗೆ ಹೋದವು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಂಕಿ ಮಾತ್ರ ಮೊದಲಿಗಿಂತ ಕೆಳಗೆ.

ಈಗ ಕೇಳಿ: ಈ ಬಾಕಿ ಯಾರದು? ಐದು ವಾರ ಕಾಯಿಸಿದ ಇಲಾಖೆಯದೇ, ನಾಲ್ಕು ವಾರಕ್ಕೊಮ್ಮೆ ಸಂಬಳ ಕೊಡುವ ಕಂಪನಿಯದೇ, ಅಂಕಿಯನ್ನು ಹಿಡಿದಿಟ್ಟ ಮಂತ್ರಿಗಳದೇ, ಏಪ್ರಿಲ್‌ನಲ್ಲಿ ಬಾಡಿಗೆಯನ್ನು ಎಪ್ಪತ್ತೈದು ಪೌಂಡ್ ಏರಿಸಿದ ನಮ್ಮದೇ? ಎಲ್ಲರ ಪಾಲೂ ಸೇರಿ ಕೊನೆಗೆ ಒಬ್ಬಳ ಹೆಸರಿನ ಮುಂದೆ ನಿಲ್ಲುತ್ತದೆ. ನೋಟಿಸು ಹೋಗುವುದು ಅವಳೊಬ್ಬಳಿಗೆ.

ಇನ್ನೂ ಒಂದು ಮಾತು, ಸ್ವಲ್ಪ ಕಹಿಯಾದದ್ದು. ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಕೂತು ತಿಂತಾರೆ’ ಎಂದು ಗೊಣಗುವವರು, ಬಾಡಿಗೆಯ ನೆರವಿನ ಹಣ ಕೊನೆಗೆ ಯಾರ ಖಾತೆಗೆ ಬರುತ್ತದೆ ಎಂದು ಯೋಚಿಸಿದ್ದೀರಾ? ಆ ಹೆಂಗಸಿನ ಖಾತೆಯಲ್ಲಿ ಅದು ಒಂದು ರಾತ್ರಿ ತಂಗುತ್ತದೆ, ಬೆಳಗಾದರೆ ನಮ್ಮ ಮಾರ್ಟ್‌ಗೇಜಿಗೆ ಸಲ್ಲುತ್ತದೆ. ಇಪ್ಪತ್ತೈದು ವರ್ಷ ಹೀಗೆ ಸಂದರೆ ಮನೆ ನಮ್ಮದಾಗುತ್ತದೆ, ಅವಳದಾಗುವುದಿಲ್ಲ. 1980ರ ಕಾಯ್ದೆ ಕೌನ್ಸಿಲ್ ಮನೆಗಳನ್ನು ಅಲ್ಲಿದ್ದವರಿಗೇ ರಿಯಾಯಿತಿಯಲ್ಲಿ ಮಾರಲು ಬಾಗಿಲು ತೆರೆಯಿತು. ಆ ಮನೆಗಳಲ್ಲಿ ದೊಡ್ಡ ಪಾಲು ಕೈಬದಲಾಗಿ ಇಂದು ನಮ್ಮಂಥವರ ಬೈ-ಟು-ಲೆಟ್ ಆಗಿವೆ. ಒಂದು ಕಾಲಕ್ಕೆ ಅವಳ ಅಜ್ಜಿ ಕೌನ್ಸಿಲ್ಲಿಗೆ ಕಡಿಮೆ ಬಾಡಿಗೆ ಕಟ್ಟಿಕೊಂಡು ಇರಬಹುದಾಗಿದ್ದ ಫ್ಲ್ಯಾಟಿನಲ್ಲೇ ಇವಳು ನಮಗೆ ಅದರ ದುಪ್ಪಟ್ಟು ಕಟ್ಟಿಕೊಂಡಿದ್ದಾಳೆ. ಸರ್ಕಾರಿ ನೆರವಿನ ಮೇಲೆ ಬದುಕುತ್ತಿರುವವರ ಪಟ್ಟಿ ಮಾಡುವಾಗ ನಮ್ಮ ಹೆಸರು ಎಲ್ಲಿ ಬರಬೇಕು ಎಂಬುದನ್ನು ನಿಮಗೇ ಬಿಡುತ್ತೇನೆ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. 2021ರ ಡಿಸೆಂಬರಿನಲ್ಲಿ ಶೇ. 0.1 ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 2023ರ ಆಗಸ್ಟ್ ಹೊತ್ತಿಗೆ ಶೇ. 5.25ಕ್ಕೆ ಹೋಯಿತು. ಅಗ್ಗದ ದರದ ಅವಧಿ ಮುಗಿದು ಕಂತು ಒಂದೇ ಸಲ ನೂರಾರು ಪೌಂಡ್ ಏರಿದವರು ನಮ್ಮ ನಡುವೆ ಇದ್ದಾರೆ. ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಯನ್ನು 2017ರಿಂದ ಕೊರೆಯುತ್ತಾ ಬಂದು 2020ಕ್ಕೆ ಶೇ. 20ರ ಮಟ್ಟಕ್ಕೆ ಇಳಿಸಿದರು. ಬಾಯ್ಲರ್ ಕೆಟ್ಟರೆ ನಾವೇ, ಮಾಡು ಸೋರಿದರೆ ನಾವೇ. ಒಂದೇ ಮನೆ ಇಟ್ಟುಕೊಂಡು ಅದರ ಕಂತು ಕಟ್ಟಲು ಹೆಚ್ಚುವರಿ ಪಾಳಿ ಮಾಡುವ ನರ್ಸು, ಊರಲ್ಲಿ ಅಪ್ಪನ ಆಸ್ಪತ್ರೆ ಖರ್ಚಿಗೆ ಹಣ ಕಳಿಸುವ ಐಟಿ ಹುಡುಗ, ಇವರಿಗೆ ‘ಬಾಡಿಗೆ ಬಿಟ್ಟುಕೊಡಿ’ ಎಂದು ಹೇಳುವ ಧೈರ್ಯ ನನಗಿಲ್ಲ. ಬೇಕೆಂದೇ ಮೋಸ ಮಾಡುವ ಬಾಡಿಗೆದಾರರೂ ಇದ್ದಾರೆ, ಹೆಚ್ಚು ಸಂಬಳದವರಲ್ಲೂ ಇದ್ದಾರೆ. ಅಂಥವರಿಗೆ ಕಾನೂನು ಇರಲಿ. ಆದರೆ ಕೈಲಾಗದವಳನ್ನೂ ಕೊಡಲೊಲ್ಲದವನನ್ನೂ ಒಂದೇ ಇಮೇಲಿನಲ್ಲಿ ಮುಗಿಸುವುದು ಅನ್ಯಾಯ, ಅದೂ ಮಾತಾಡಿಸದೆ ಮುಗಿಸುವುದು.

ಮಾತಾಡಿಸಿ ಏನು ಮಾಡುವುದು ಅನ್ನುತ್ತೀರಿ. ಮಾಡುವುದಕ್ಕೆ ಬೇಕಾದಷ್ಟಿದೆ.

ಮೊದಲು ಏಜೆಂಟನ್ನು ಬದಿಗಿಟ್ಟು ನೀವೇ ಫೋನು ಮಾಡಿ. ‘ಯಾವಾಗ ಕಟ್ತೀಯಮ್ಮ’ ಎಂದು ಶುರುಮಾಡಬೇಡಿ. ಯೂನಿವರ್ಸಲ್ ಕ್ರೆಡಿಟ್ ಬಂತಾ, ಬಾಡಿಗೆಯ ಪಾಲು ಎಷ್ಟು ಬಂತು, ಎಷ್ಟು ಕತ್ತರಿಸಿದರು, ಯಾಕೆ ಅಂತ ಕೇಳಿ. ಎಷ್ಟೋ ಸಲ ಬಾಡಿಗೆಯ ಮೊತ್ತವನ್ನೇ ತಪ್ಪಾಗಿ ನಮೂದಿಸಿರುತ್ತಾರೆ, ಅಥವಾ ಬಾಡಿಗೆ ಏರಿದ್ದನ್ನು ಇಲಾಖೆಗೆ ತಿಳಿಸಿರುವುದಿಲ್ಲ. ಯೂನಿವರ್ಸಲ್ ಕ್ರೆಡಿಟ್ಟಿನ ಇಂಗ್ಲಿಷ್ ಆನ್‌ಲೈನ್ ಜರ್ನಲ್ಲಿನಲ್ಲಿ ಒಂದು ಸಂದೇಶ ಹಾಕಿದರೆ ಸರಿಹೋಗುವ ಗಂಟಿಗೆ ಕೋರ್ಟು ಯಾಕೆ? ಆ ಸಂದೇಶ ಬರೆಯಲು ಗೊತ್ತಿಲ್ಲದವರು, ಹೆದರುವವರು ಇರುತ್ತಾರೆ. ವಿದೇಶಿ ಇಲಾಖೆಗಳ ಅರ್ಜಿ ತುಂಬಿ ತುಂಬಿಯೇ ಈ ದೇಶಕ್ಕೆ ಬಂದವರು ನಾವು. ಅರ್ಧ ಗಂಟೆ ಕೂತು ಬರೆದುಕೊಡಿ.

ಬಾಕಿ ಎರಡು ತಿಂಗಳಿನಷ್ಟಾದರೆ ಬಾಡಿಗೆಯ ಪಾಲನ್ನು ನೇರವಾಗಿ ನಿಮಗೇ ಕಳಿಸಿ ಎಂದು ಇಲಾಖೆಗೆ ಅರ್ಜಿ ಹಾಕಬಹುದು. ಸಾಲ, ವ್ಯಸನ, ಮನೆಯೊಳಗಿನ ಹೊಡೆತಬಡಿತ, ಓದುಬರಹದ ತೊಡಕು ಇಂಥವಿದ್ದರೆ ಅದಕ್ಕೂ ಮೊದಲೇ ಕೇಳಲು ಅವಕಾಶವಿದೆ. ಬಾಡಿಗೆದಾರರಿಗೆ ಹೇಳಿ, ಅವರ ಒಪ್ಪಿಗೆ ಪಡೆದು ಮಾಡಿ, ಬೆನ್ನ ಹಿಂದೆ ಮಾಡಬೇಡಿ. ಉತ್ತರ ಐರ್ಲೆಂಡಿನಲ್ಲಿ ಇದೇ ಯೂನಿವರ್ಸಲ್ ಕ್ರೆಡಿಟ್ ತಿಂಗಳಿಗೆ ಎರಡು ಸಲ ಬರುತ್ತದೆ, ಬಾಡಿಗೆಯ ಪಾಲು ಸಾಮಾನ್ಯವಾಗಿ ನೇರ ಮಾಲೀಕರಿಗೇ ಹೋಗುತ್ತದೆ. ಸ್ಕಾಟ್‌ಲೆಂಡಿನಲ್ಲಿ ಹಾಗೆ ಬೇಕೆಂದು ಆರಿಸಿಕೊಳ್ಳುವ ಹಕ್ಕು ಬಾಡಿಗೆದಾರರಿಗಿದೆ. ಜವಾಬ್ದಾರಿ ಕಲಿಸುವ ಪಾಠ ಇಂಗ್ಲೆಂಡು, ವೇಲ್ಸುಗಳಿಗೆ ಮಾತ್ರ ಯಾಕೆ ಬೇಕಾಯಿತೋ, ಮಂತ್ರಿಗಳನ್ನೇ ಕೇಳಬೇಕು. ನಿಮ್ಮ ಸಂಸತ್ ಸದಸ್ಯರಿಗೆ ಈ ಪ್ರಶ್ನೆ ಬರೆದು ಕಳಿಸಿ. ಮನೆ ಮಾಲೀಕರ ಪತ್ರಕ್ಕೆ ಬಾಡಿಗೆದಾರರ ಪತ್ರಕ್ಕಿಂತ ಬೇಗ ಉತ್ತರ ಬರುತ್ತದೆ ಎಂಬ ಅನುಭವವೂ ಆಗಬಹುದು.

ಬಾಡಿಗೆಯ ಕೊರತೆ ತುಂಬಲು ಕೌನ್ಸಿಲ್ ಬಳಿ ಒಂದಿಷ್ಟು ಹಣವಿರುತ್ತದೆ. ಅದನ್ನು ಕೇಳಬೇಕು, ಕೇಳದೆ ಕೊಡುವುದಿಲ್ಲ. 2021ರ ಮೇ ತಿಂಗಳಿಂದ ಇಂಗ್ಲೆಂಡು, ವೇಲ್ಸುಗಳಲ್ಲಿ ಬ್ರೀದಿಂಗ್ ಸ್ಪೇಸ್ ಎಂಬ ಏರ್ಪಾಡಿದೆ. ಸಾಲದಲ್ಲಿ ಮುಳುಗಿದವರಿಗೆ ಅರವತ್ತು ದಿನ ಉಸಿರಾಡಲು ಬಿಡುವು, ಆ ಹೊತ್ತಿನಲ್ಲಿ ಆ ಬಾಕಿಗಾಗಿ ಬೆನ್ನಟ್ಟುವಂತಿಲ್ಲ. ಇದನ್ನು ನಿಮ್ಮ ಶತ್ರು ಎಂದು ನೋಡಬೇಡಿ. ಆ ಅರವತ್ತು ದಿನದಲ್ಲಿ ಸಾಲ ಸಲಹೆಗಾರರೊಬ್ಬರು ಅವಳ ಲೆಕ್ಕವನ್ನು ಸರಿಮಾಡಿಕೊಡುತ್ತಾರೆ, ನಿಮಗೆ ಬರಬೇಕಾದದ್ದು ಬರುವ ದಾರಿಯೂ ಅದೇ. ಉಳಿದ ಬಾಕಿಗೆ ತಿಂಗಳಿಗೆ ಹತ್ತೋ ಹದಿನೈದೋ ಪೌಂಡಿನ ಕಂತು ಗೊತ್ತುಮಾಡಿ, ಬರೆದಿಟ್ಟುಕೊಳ್ಳಿ. ಈ ವರ್ಷ ಬಾಡಿಗೆ ಏರಿಸುವುದನ್ನು ಬಿಡಿ. ಅನುಕೂಲವಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಾಡಿಗೆಯನ್ನು ಆ ಸೀಮೆಯ ಮಿತಿಗೇ ಇಳಿಸಿ. ಹೌದು, ಇಳಿಸಿ. ಸಾಲ ತೀರಿದ ಮನೆ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ.

ನೋಟಿಸು ಕೊಟ್ಟರೆ ಮುಂದೇನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅವಳು ಕೌನ್ಸಿಲ್ಲಿಗೆ ಓಡುತ್ತಾಳೆ. ‘ಬೇಲಿಫ್ ಬರುವ ತನಕ ಮನೆ ಬಿಡಬೇಡಿ’ ಅನ್ನುತ್ತಾರೆ ಅಲ್ಲಿ ಬಹಳಷ್ಟು ಕಡೆ. ಮೊದಲೇ ಬಿಟ್ಟರೆ ಬೇಕೆಂದೇ ಮನೆ ಕಳೆದುಕೊಂಡವಳು ಎಂಬ ಹಣೆಪಟ್ಟಿ, ಮನೆ ಒದಗಿಸುವ ಹೊಣೆ ಕೌನ್ಸಿಲ್ಲಿಗೆ ಇಲ್ಲ. ಹೀಗಾಗಿ ತಿಂಗಳುಗಟ್ಟಲೆ ಅವಳು ಅಲ್ಲೇ, ಬಾಕಿ ಏರುತ್ತಾ, ನಿಮ್ಮ ಕೋರ್ಟು ಫೀಸು ಏರುತ್ತಾ. ಕೊನೆಗೊಂದು ಬೆಳಿಗ್ಗೆ ಬೇಲಿಫ್ ಬಂದು ಬೀಗ ಬದಲಿಸುತ್ತಾನೆ. ಮಕ್ಕಳು ಸ್ಕೂಲ್ ಯೂನಿಫಾರ್ಮಿನಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಂಸಾರ. ಸಂಜೆಗೆ ಮತ್ತೊಂದು ಊರಿನ ಹೋಟೆಲ್ ರೂಮು, ಒಂದೇ ಹಾಸಿಗೆಯಲ್ಲಿ ಮೂವರು, ಅಡುಗೆಗೆ ಒಲೆಯಿಲ್ಲ, ಶಾಲೆಗೆ ಎರಡು ಬಸ್ಸು. 2025ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳು 1.3 ಲಕ್ಷಕ್ಕೂ ಹೆಚ್ಚು, ಮಕ್ಕಳು ಸುಮಾರು 1.7 ಲಕ್ಷ. ಹಾಸನದಂಥ ಒಂದು ಊರನ್ನು ಮಕ್ಕಳಿಂದಲೇ ತುಂಬಿ ಹೊರಗೆ ನಿಲ್ಲಿಸಿದಷ್ಟು. ಅದರ ಖರ್ಚು ಕೌನ್ಸಿಲ್ಲಿನದು, ಅಂದರೆ ಮತ್ತೆ ನಮ್ಮದೇ ಕೌನ್ಸಿಲ್ ಟ್ಯಾಕ್ಸು.

ಇಂಗ್ಲೆಂಡಿನ ಕಾನೂನು ನಿಧಾನವಾಗಿ ಬಾಡಿಗೆದಾರರ ಕಡೆಗೆ ಹೊರಳುತ್ತಿದೆ. ಕಾರಣವನ್ನೇ ಹೇಳದೆ ಎರಡು ತಿಂಗಳ ನೋಟಿಸಿನಲ್ಲಿ ಎಬ್ಬಿಸಬಹುದಾಗಿದ್ದ ಸೆಕ್ಷನ್ 21, 1988ರ ಕಾಯ್ದೆಯ ಕೂಸು. ಬೆನಿಫಿಟ್ಸ್‌ನವರಿಗೆ ಮನೆಯಿಲ್ಲ ಎಂಬ ಸಾರಾಸಗಟು ನಿಯಮ ಕಾನೂನುಬಾಹಿರ ಎಂದು ಯಾರ್ಕ್ ಕೌಂಟಿ ಕೋರ್ಟು 2020ರ ಜುಲೈಯಲ್ಲಿ ಹೇಳಿತು, ಅದರಿಂದ ಹೆಚ್ಚು ಪೆಟ್ಟು ಬೀಳುವುದು ಹೆಂಗಸರಿಗೆ, ಅಂಗವಿಕಲರಿಗೆ ಎಂದು. 2025ರ ಅಕ್ಟೋಬರ್ 27ರಂದು ರೆಂಟರ್ಸ್ ರೈಟ್ಸ್ ಕಾಯ್ದೆಗೆ ರಾಜಮುದ್ರೆ ಬಿತ್ತು. ಸೆಕ್ಷನ್ 21ಕ್ಕೆ ಅಂತ್ಯ ಹಾಡುವ ದಿನವೆಂದು 2026ರ ಮೇ 1ನ್ನು ಗೊತ್ತುಮಾಡಿದರು. ಕೋರ್ಟು ಕಡ್ಡಾಯವಾಗಿ ಮನೆ ಬಿಡಿಸಿಕೊಡಬೇಕಾದ ಬಾಕಿಯ ಮಿತಿ ಎರಡು ತಿಂಗಳಿಂದ ಮೂರಕ್ಕೇರಿತು. ಮತ್ತು ನನಗೆ ಬಹಳ ಹಿಡಿಸಿದ ಒಂದು ಸಾಲು ಅದರಲ್ಲಿದೆ: ಬರಬೇಕಾದ ಯೂನಿವರ್ಸಲ್ ಕ್ರೆಡಿಟ್ಟಿನ ಬಾಡಿಗೆ ಪಾಲು ಇನ್ನೂ ಬಂದಿಲ್ಲದ ಕಾರಣಕ್ಕೆ ಉಳಿದ ಬಾಕಿಯನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬಾಕಿ ಯಾರದು ಎಂಬ ಪ್ರಶ್ನೆಗೆ ಪಾರ್ಲಿಮೆಂಟೇ ಅರ್ಧ ಉತ್ತರ ಕೊಟ್ಟಿದೆ. ಉಳಿದರ್ಧ ಕಾನೂನಿನ ಕೈಯಲ್ಲಿಲ್ಲ. ಮನಸ್ಸು ಮಾಡಿದ ಮಾಲೀಕ ಬೆನಿಫಿಟ್ಸ್ ಎಂಬ ಕಾರಣವನ್ನು ಬಾಯಲ್ಲಿ ಹೇಳದೆಯೇ ಅರ್ಜಿಯನ್ನು ಬದಿಗೆ ಸರಿಸಬಲ್ಲ. ಅದಕ್ಕೇ ಇದನ್ನು ಮನಸ್ಸಾಕ್ಷಿಯ ಹತ್ತಿರ ತಂದಿದ್ದೇನೆ.

ಆ ಮನಸ್ಸಾಕ್ಷಿಗೆ ನೆನಪೂ ಇರಬೇಕು. ನಮಗಿಂತ ಮೊದಲು ಬಂದ ಭಾರತೀಯರಿಗೆ ಇಲ್ಲಿ ಕೋಣೆ ಸಿಗುತ್ತಿರಲಿಲ್ಲ. ಕಿಟಕಿಯಲ್ಲಿ ಬೋರ್ಡು ಹಾಕಿ ಕರಿಯರಿಗಿಲ್ಲ ಅನ್ನುತ್ತಿದ್ದರು. ಸ್ಮೆದಿಕ್‌ನ ಮಾರ್ಷಲ್ ಸ್ಟ್ರೀಟಿನಲ್ಲಿ ಖಾಲಿಯಾದ ಮನೆಗಳನ್ನು ಕೌನ್ಸಿಲ್ಲೇ ಕೊಂಡು ಬಿಳಿಯರಿಗೆ ಮಾತ್ರ ಕೊಡಲಿ ಎಂಬ ಒತ್ತಾಯವೆದ್ದಾಗ, 1965ರ ಫೆಬ್ರವರಿಯಲ್ಲಿ ಮಾಲ್ಕಮ್ ಎಕ್ಸ್ ಆ ಬೀದಿಗೆ ಬಂದು ನಡೆದಾಡಿದರು. ಅದೇ ವರ್ಷ ಬಂದ ಮೊದಲ ಜನಾಂಗ ಸಂಬಂಧ ಕಾಯ್ದೆ ಮನೆ ಬಾಡಿಗೆಯನ್ನು ಮುಟ್ಟಲಿಲ್ಲ. ಅದಕ್ಕೆ 1968ರವರೆಗೆ ಕಾಯಬೇಕಾಯಿತು. ಇತ್ತೀಚಿನವರೆಗೂ ಬೆಂಗಳೂರಿನಿಂದ ಮಾಸ್ಟರ್ಸ್ ಓದಲು ಬರುವ ನಮ್ಮ ಮಕ್ಕಳಿಗೆ ಇಲ್ಲಿ ಜಾಮೀನು ನಿಲ್ಲುವವರಿಲ್ಲ ಎಂಬ ಕಾರಣಕ್ಕೆ ಆರು ತಿಂಗಳ ಬಾಡಿಗೆ ಮೊದಲೇ ಇಡು ಎಂದು ಕೇಳಿದ ಮಾಲೀಕರೆಷ್ಟು! ಹೊಸ ಕಾಯ್ದೆ ಅದಕ್ಕೂ ಕಡಿವಾಣ ಹಾಕಿದೆ. ಬೆನಿಫಿಟ್ಸ್ ಹೆಂಗಸನ್ನು ಕಾಯುವ ಕಾಗದವೇ ನಮ್ಮ ಅಣ್ಣನ ಮಗನನ್ನೂ ಕಾಯುತ್ತಿದೆ. ಇನ್ನು ಬೆಂಗಳೂರಿನಲ್ಲಿ ‘ನೀವು ಯಾವ ಜನ, ಮಾಂಸ ತಿಂತೀರಾ’ ಎಂದು ಬಾಗಿಲಲ್ಲೇ ಕೇಳಿಸಿಕೊಂಡವರೂ, ಕೇಳಿದವರೂ ಇದನ್ನು ಓದುತ್ತಿದ್ದೀರಿ.

ಇನ್ನೂ ಹಿಂದಕ್ಕೆ ಹೋಗಿ. ನಮ್ಮಲ್ಲಿ ಎಷ್ಟು ಜನರ ಅಜ್ಜಂದಿರು ಗೇಣಿ ಒಕ್ಕಲು? ಕರಾವಳಿಯಲ್ಲಿ ಮೂಲಗೇಣಿಯವನಿಗಾದರೆ ತಲೆಮಾರಿನ ಹಕ್ಕಿತ್ತು, ಚಾಲಗೇಣಿಯವನನ್ನು ಒಡೆಯ ಬೇಡವೆಂದಾಗ ಎಬ್ಬಿಸುತ್ತಿದ್ದ. ಮಳೆ ಕೈಕೊಟ್ಟ ವರ್ಷ ಬಾಕಿ ಹೇಗೆ ಹುಟ್ಟುತ್ತದೆಂದು ಆ ಅಜ್ಜನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯ ಹೊತ್ತಿಗೆ, ಡಿಕ್ಲರೇಶನ್ ಕೊಟ್ಟು ಉಳುತ್ತಿದ್ದ ಗದ್ದೆಯನ್ನು ಉಳಿಸಿಕೊಂಡದ್ದರಿಂದ ತಾನೇ ಮಗ ಇಂಜಿನಿಯರಾದ, ಮೊಮ್ಮಗಳು ಲಂಡನ್ನಿಗೆ ಬಂದಳು? ಗದ್ದೆ ಕಳೆದುಕೊಂಡ ಮನೆತನದವರೂ ಇಲ್ಲಿದ್ದೀರಿ, ಆ ನೋವು ಇನ್ನೂ ಆರದವರಿದ್ದೀರಿ. ನೆಲೆ ತಪ್ಪುವುದೆಂದರೆ ಏನೆಂದು ಎರಡು ಕಡೆಯವರಿಗೂ ಮನೆಯೊಳಗಿನ ಕತೆಗಳಿಂದಲೇ ಗೊತ್ತು.

ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡದ ಲ್ಯಾಂಬೆತ್‌ನಲ್ಲಿ, 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಎದ್ದಿತು. ಬಸವ ಜಯಂತಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತೇವೆ. ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಂಡಿದ್ದವರು ಅವರು, ಹಣದ ವ್ಯವಹಾರ ತಿಳಿಯದ ಸಾಧುವಲ್ಲ. ದುಡಿಮೆಯನ್ನು ಕಾಯಕವೆಂದರು, ಬೇಕಾದಷ್ಟಿಟ್ಟುಕೊಂಡು ಮಿಕ್ಕದ್ದನ್ನು ದಾಸೋಹಕ್ಕೆ ಅಂದರು. ನಾವು ತೆಗೆದುಕೊಳ್ಳುವ ಬಾಡಿಗೆ ಯಾರ ಕಾಯಕದ ಫಲ ಎಂದು ಆ ಪ್ರತಿಮೆಯ ಮುಂದೆ ನಿಂತು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅದೇ ಲ್ಯಾಂಬೆತ್ ಕೌನ್ಸಿಲ್ಲಿನ ತಾತ್ಕಾಲಿಕ ವಸತಿಗಳಲ್ಲಿ ಸಾವಿರಾರು ಕುಟುಂಬಗಳಿವೆ, ಪ್ರತಿಮೆಯಿಂದ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ.

ನಮ್ಮ ಸಂಘಗಳಲ್ಲಿ ಮಾರ್ಟ್‌ಗೇಜ್ ಸಲಹೆಗಾರರನ್ನು ಕರೆಸಿ ಭಾಷಣ ಇಡುತ್ತೇವೆ. ಮುಂದಿನ ಸಲ ಸಾಲ ಸಲಹೆ ಕೊಡುವವರನ್ನೂ, ಕೌನ್ಸಿಲ್ಲಿನ ವಸತಿ ಅಧಿಕಾರಿಯನ್ನೂ ಕರೆಸಿ. ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿ, ಈ ಅರ್ಜಿಗಳನ್ನು ಬಲ್ಲ ಇಬ್ಬರು ಅಲ್ಲಿ ಕೂರಲಿ. ಬಾಡಿಗೆದಾರರ ಸಮಸ್ಯೆ ಹೊತ್ತು ಬರುವ ಮಾಲೀಕರು ಬರಲಿ. ನೆರವಿನ ಹಣದಲ್ಲಿ ಬದುಕುತ್ತಿರುವ ಕನ್ನಡಿಗರೂ ಇದ್ದಾರೆ, ಕೂಟಗಳಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಅವರೂ ಬರಲಿ, ಅವರನ್ನು ನಾವಾಗಿ ಕರೆಯೋಣ.

ಸದ್ಯಕ್ಕೆ ಆ ಇಮೇಲ್ ಇನ್ನೂ ನಿಮ್ಮ ಇನ್‌ಬಾಕ್ಸಿನಲ್ಲಿದೆ. ಏಜೆಂಟಿಗೆ ಬರೆಯಿರಿ: ತಡಿ, ನಾನು ಮೊದಲು ಅವರನ್ನು ಭೇಟಿಯಾಗುತ್ತೇನೆ. ಈ ಶನಿವಾರ ಫೋನು ಮಾಡಿ ಹೇಳಿ ಹೋಗಿ, ಕ್ಯಾಲ್ಕುಲೇಟರ್ ಹಿಡಿದುಕೊಂಡು ಹೋಗಿ, ಅವರ ಯೂನಿವರ್ಸಲ್ ಕ್ರೆಡಿಟ್ ಪುಟ ತೆರೆದಿಟ್ಟು ಮೇಲಿನಿಂದ ಕೆಳಗೆ ಜೊತೆಯಾಗಿ ಓದಿ.